ಕೆಡವಿದ ಕಟ್ಟಡದ ಮರ, ಕಡಿದ ಜಾಗದ ಮರ: ಬೆರೆಸದೆ ಉಳಿಸುವುದು ಹೇಗೆ

ತಿಳಿ ಹಸಿರು ಛಾಯೆಯ ಎರಡೇ ಎರಡು ಬೇಲಿ ಕಂಬ. ಸಂಜೆ ಹೊತ್ತಿಗೆ ಅವು ಒಳ್ಳೆಯ ಮರದ ರಾಶಿಗೆ ಬಿದ್ದವು. ಯಾರು ಹಾಕಿದರೋ ಗೊತ್ತಾಗಲಿಲ್ಲ, ಆದರೆ ಅವತ್ತಿನ ಉಸ್ತುವಾರಿ ನನ್ನದು. ಬೆಳಿಗ್ಗೆ ರಾಶಿ ಪೂರ್ತಿ ಚಿಪ್ಪರ್ ಯಂತ್ರಕ್ಕೆ ಹೋಯಿತು. ಮಧ್ಯಾಹ್ನ ತೋಟಕ್ಕೆ ಚಕ್ಕೆ ಒಯ್ಯಲು ಬಂದಾಕೆ ಒಂದು ಹಿಡಿ ಎತ್ತಿ ನೋಡಿದರು. ಹಳದಿ ಚಕ್ಕೆಗಳ ನಡುವೆ ನಾಲ್ಕೈದು ಹಸಿರು ಚೂರು. "ಇದು ನನ್ನ ಮಣ್ಣಿಗೆ ಬೇಡ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಆ ಹಸಿರು ಮರಕ್ಕೆ ಕುಡಿಸಿದ ವಿಷದ ಔಷಧಿಯದ್ದು. ಮೂರು ಲಾರಿ ಚಕ್ಕೆ, ಎಂಟು ಜನರ ನಾಲ್ಕು ದಿನದ ದುಡಿಮೆ, ಎಲ್ಲ ಕಸದ ಹೊಂಡಕ್ಕೆ ಹೋಯಿತು.

ಕಟ್ಟಡ ಕೆಡವುವ ಕೆಲಸದಲ್ಲಿ ನಾನು 22 ವರ್ಷದಿಂದ ಇದ್ದೇನೆ. ಅವತ್ತಿನಿಂದ ನಮ್ಮ ತಂಡಕ್ಕೆ ನಾನು ಹೇಳುವ ಮೊದಲ ಮಾತು ಒಂದೇ: ಬೆರೆಸಬೇಡಿ. ರಾಶಿಯಲ್ಲಿ ಅತಿ ಕೆಟ್ಟ ತುಂಡು ಯಾವುದೋ, ಇಡೀ ರಾಶಿ ಅದರ ದರ್ಜೆಗೇ ಇಳಿಯುತ್ತದೆ. ಗೋಡೆಯಿಂದ ಬಿಚ್ಚುವಾಗ ಬೇರೆ ಮಾಡುವುದಕ್ಕೆ ಒಂದು ನಿಮಿಷ ಸಾಕು. ಚಕ್ಕೆಯಾದ ಮೇಲೆ ಬೇರೆ ಮಾಡುವುದು ಯಾರಿಂದಲೂ ಆಗುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ಹಾರೆ ಎತ್ತುವ ಮೊದಲು

ಮೊದಲು ಕಟ್ಟಡದೊಳಗೆ ಒಂದು ಸುತ್ತು ಹಾಕಿ. ಆತುರ ಬೇಡ. ಮೂರು ಬಣ್ಣದ ಸೀಮೆಸುಣ್ಣ, ಚೂಪಾದ ಚಾಕು, ಟಾರ್ಚ್, ಒಂದು ಅಯಸ್ಕಾಂತ ಜೊತೆಗಿರಲಿ. ಬಿಳಿ ಗುರುತು ಅಂದರೆ ಇಡಿಯಾಗಿ ಬಿಚ್ಚಿ ಉಳಿಸಬೇಕಾದದ್ದು. ಹಳದಿ ಅಂದರೆ ಚಕ್ಕೆಗೆ ಹೋಗುವಂಥದ್ದು. ಕೆಂಪು ಅಂದರೆ ಬೇರೆ ಮೂಲೆಯಲ್ಲಿ, ಬೇರೆ ಟಾರ್ಪಾಲಿನ ಮೇಲೆ ಇಡಬೇಕಾದದ್ದು. ಗುರುತು ಹಾಕುವ ಕೆಲಸ ಒಬ್ಬರೇ ಮಾಡಲಿ. ಇಬ್ಬರು ಹಾಕಿದರೆ ಎರಡು ಅಳತೆಗೋಲು ಆಗುತ್ತದೆ.

ಹೇಗೆ ವಿಂಗಡಿಸುವುದು? ಜರ್ಮನಿ 2003ರಲ್ಲಿ ಹಳೇ ಮರಕ್ಕೆಂದೇ ಒಂದು ಕಾನೂನು ಜಾರಿಗೆ ತಂದಿತು. ಅದರಲ್ಲಿ ನಾಲ್ಕು ದರ್ಜೆ ಇವೆ. ಮೊದಲನೆಯದು ಏನನ್ನೂ ಬಳಿಯದ, ಬರೀ ಕೊಯ್ದು ಬಳಸಿದ ಮರ. ಎರಡನೆಯದು ಅಂಟು, ಬಣ್ಣ, ವಾರ್ನಿಶ್ ತಾಗಿದ ಮರ. ಮೂರನೆಯದು ಪಿವಿಸಿ ಥರ ಕ್ಲೋರಿನ್ ಇರುವ ಪದರ ಅಂಟಿಸಿದ್ದು. ನಾಲ್ಕನೆಯದು ಕೊಳೆಯದಿರಲಿ, ಹುಳ ತಿನ್ನದಿರಲಿ ಎಂದು ವಿಷದ ಔಷಧಿ ಕುಡಿಸಿದ ಮರ. ರೈಲು ಹಳಿಯ ಸ್ಲೀಪರ್, ಹಳೇ ವಿದ್ಯುತ್ ಕಂಬ ಈ ಗುಂಪಿನವು. ನೀವು ಯಾವ ದೇಶದಲ್ಲಿದ್ದರೂ ಈ ವಿಂಗಡಣೆ ಕೆಲಸಕ್ಕೆ ಬರುತ್ತದೆ. ನನ್ನ ಸೀಮೆಸುಣ್ಣದ ಲೆಕ್ಕದಲ್ಲಿ ಮೊದಲನೆಯದು ಬಿಳಿ ಅಥವಾ ಹಳದಿ, ಉಳಿದ ಮೂರೂ ಕೆಂಪು. ಇದ್ದ ಹಾಗೇ ಮತ್ತೆ ಬಳಸುವಂಥದ್ದಕ್ಕೆ ಮಾತ್ರ ವಿನಾಯಿತಿ ಕೊಡುತ್ತೇನೆ. ಬಣ್ಣ ಬಳಿದ ಒಳ್ಳೆಯ ಬಾಗಿಲು, ಚೌಕಟ್ಟು ಇದ್ದರೆ ಇಡಿಯಾಗಿ ಮತ್ತೆ ಬಾಗಿಲಾಗಿಯೇ ಹೋಗಲಿ. ಚಕ್ಕೆಗೆ ಮಾತ್ರ ಹೋಗಬಾರದು.

ಔಷಧಿ ಕುಡಿದ ಮರವನ್ನು ಗುರುತಿಸುವುದು ಕಲಿಯಬೇಕಾದ ವಿದ್ಯೆ. ನೆಲದೊಳಗೆ ಹೂತ ಕಂಬ, ಮಳೆಗೆ ಮೈಯೊಡ್ಡಿದ ಅಟ್ಟಣೆ, ಬೇಲಿ, ತೋಟದ ಚಪ್ಪರ, ಮಕ್ಕಳ ಆಟದ ಚೌಕಟ್ಟು, ಇವುಗಳ ಮೇಲೆ ಮೊದಲೇ ಅನುಮಾನ ಇರಲಿ. ಹೊಸದರಲ್ಲಿ ಹಸಿರು ಕಾಣುತ್ತದೆ. ಹತ್ತು ವರ್ಷ ಬಿಸಿಲು ಮಳೆ ತಿಂದ ಮೇಲೆ ಎಲ್ಲ ಮರದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಮೇಲೆ ನೋಡಿ ಮೋಸ ಹೋಗುವುದು ಅಲ್ಲೇ. ಚಾಕುವಿನಿಂದ ಮೇಲ್ಪದರ ಕೆತ್ತಿ ನೋಡಿ. ಅಂಚಿನಿಂದ ಒಳಕ್ಕೆ ಹಸಿರು ಪಟ್ಟಿ ಕಂಡರೆ ಮುಗಿಯಿತು, ಕೆಂಪು ಗುರುತು ಹಾಕಿ. ಕಪ್ಪಗೆ, ಜಿಡ್ಡಾಗಿ, ಡಾಂಬರಿನ ವಾಸನೆ ಬರುತ್ತಿದ್ದರೆ ಅದು ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿದ ಮರ. ಬರಿಗೈಯಲ್ಲಿ ಮುಟ್ಟಬೇಡಿ.

ಹಸಿರು ಮರದ ಹಳೇ ಔಷಧಿಯಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರುತ್ತಿದ್ದವು. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು 2003ರ ಕೊನೆಗೆ ನಿಂತಿತು. ಆದರೆ ಅದಕ್ಕೂ ಮೊದಲು ನಿಲ್ಲಿಸಿದ ಕಂಬಗಳು ಈಗ ಕೆಡವುವ ವಯಸ್ಸಿಗೆ ಬಂದಿವೆ. ಇದನ್ನು ಸುಟ್ಟರೆ ಸ್ವಲ್ಪ ಆರ್ಸೆನಿಕ್ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. "ಒಂದು ತುಂಡು ತಾನೇ" ಎಂದು ಚಳಿ ಕಾಯಿಸಲು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಕಬೇಡಿ. ಆ ಬೂದಿಯನ್ನು ಗಿಡದ ಬುಡಕ್ಕೆ ಹಾಕುವುದಂತೂ ಇನ್ನೂ ಅಪಾಯ.

ಅಂಟು ಹಾಕಿ ಒತ್ತಿ ಮಾಡಿದ ಹಾಳೆಗಳನ್ನು, ಅಂದರೆ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಗುರುತಿಸುವುದು ಸುಲಭ. ಅಂಚು ನೋಡಿ. ಪದರ ಪದರವಾಗಿದ್ದರೆ ಪ್ಲೈ, ಚೂರು ಒತ್ತಿದಂತಿದ್ದರೆ ಪಾರ್ಟಿಕಲ್ ಬೋರ್ಡ್, ರೊಟ್ಟಿನಂತೆ ನುಣ್ಣಗಿದ್ದರೆ ಎಂಡಿಎಫ್. ಹೆಚ್ಚಿನವುಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷದ ರಾಸಾಯನಿಕ ಇರುತ್ತದೆ. ಒಳ್ಳೆಯ ಹಾಳೆಗಳನ್ನು ಹಾಳೆಯಾಗಿಯೇ ಮತ್ತೆ ಬಳಸಿ. ಗೊಬ್ಬರಕ್ಕೆ, ಗಿಡದ ಬುಡಕ್ಕೆ, ಒಲೆಗೆ ಇವು ಬೇಡ.

ಹಳೇ ಬಣ್ಣದಲ್ಲಿ ಸೀಸ ಇದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಅಮೆರಿಕ ಮನೆ ಬಣ್ಣದಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿತು. ಎಷ್ಟೋ ಕಡೆ ಅದಾಗಿ ದಶಕಗಳವರೆಗೂ ಬಳಕೆ ನಡೆದೇ ಇತ್ತು. ಒಣ ಬಣ್ಣವನ್ನು ಉಜ್ಜುವುದು, ಬೆಂಕಿಯ ಜ್ವಾಲೆ ಹಿಡಿದು ಸುಲಿಯುವುದು ಎರಡೂ ಬೇಡ. ಇನ್ನೊಂದು ಮಾತು: ಹಳೇ ಕಟ್ಟಡದ ಶೀಟುಗಳಲ್ಲಿ, ಪೈಪಿನ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ತಿಳಿದವರು ಬಂದು ತೆಗೆದ ಮೇಲೆ ಮಾತ್ರ ಮರಕ್ಕೆ ಕೈ ಹಾಕಿ. ಕರೆಂಟು, ನೀರು ಕಡಿದಾಗಿದೆಯೇ ಎಂದು ನೀವೇ ಖುದ್ದಾಗಿ ನೋಡಿ.

ಕಟ್ಟಿದ್ದರ ಉಲ್ಟಾ ಬಿಚ್ಚಿ

ಕಟ್ಟುವಾಗ ಕೊನೆಗೆ ಬಂದದ್ದನ್ನು ಮೊದಲು ತೆಗೆಯಬೇಕು. ಬಾಗಿಲು, ಕಿಟಕಿ ರೆಕ್ಕೆಗಳು. ಆಮೇಲೆ ಕಪಾಟು, ನೆಲದ ಹಲಗೆ. ಆಮೇಲೆ ಮಾಡಿನ ರೀಪು, ಜಂತೆ. ಕೊನೆಗೆ ತೊಲೆ, ಚೌಕಟ್ಟು. ಭಾರ ಹೊತ್ತ ತೊಲೆಗೆ ಕೆಳಗಿನಿಂದ ಆನಿಕೆ ಕೊಡದೆ ಒಂದು ಮೊಳೆಯನ್ನೂ ಕೀಳಬೇಡಿ. ಇಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ಯಂತ್ರದಲ್ಲಿ ಎಳೆದು ಬೀಳಿಸಿದರೆ ಒಂದು ದಿನದ ಕೆಲಸ, ಕೈಯಲ್ಲಿ ಬಿಚ್ಚಿದರೆ ಐದಾರು ದಿನ. ಇದು ನಿಜ, ಮುಚ್ಚಿಡುವುದಿಲ್ಲ. ಆದರೆ ಯಂತ್ರ ಎಳೆದ ತೊಲೆ ಉದ್ದಕ್ಕೆ ಸೀಳುತ್ತದೆ. ಸುಣ್ಣ, ಇಟ್ಟಿಗೆ ಚೂರು, ಗಾಜು ಎಲ್ಲ ಸೇರಿಕೊಳ್ಳುತ್ತದೆ. ನಾನು ಮಧ್ಯದ ದಾರಿ ಹಿಡಿಯುತ್ತೇನೆ. ಬಿಳಿ ಗುರುತಿನದ್ದನ್ನು ಕೈಯಲ್ಲೇ ತೆಗೆಸುತ್ತೇನೆ, ಉಳಿದದ್ದಕ್ಕೆ ಯಂತ್ರ. ಗೋಡೆಯೊಳಗೆ ಕೂತಿದ್ದ ತೊಲೆಯ ತುದಿಗಳನ್ನು ಮೊದಲು ನೋಡಿ. ಕೊಳೆಯುವುದು ಅಲ್ಲಿಂದಲೇ. ದಬ್ಬಣ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಇಳಿದರೆ ಅಷ್ಟು ಭಾಗ ಕತ್ತರಿಸಿ ಹಾಕಿ. ಎರಡೂ ತುದಿಯಲ್ಲಿ ಒಂದೊಂದು ಅಡಿ ಹೋದರೂ ನಡುವಿನ ಮರ ಗಟ್ಟಿಯಾಗಿರುವುದು ಜಾಸ್ತಿ. ಒಳಗಿನ ಚೇಗು ದಶಕಗಟ್ಟಲೆ ಒಣಗಿ, ಕುಗ್ಗುವಷ್ಟು ಕುಗ್ಗಿರುತ್ತದೆ. ಹೊಸ ಮರದಂತೆ ಆಮೇಲೆ ತಿರುಚಿಕೊಂಡು ತೊಂದರೆ ಕೊಡುವುದು ಕಡಿಮೆ.

ಈಗ ಮೊಳೆಯ ವಿಷಯ. ಹೊಸಬರು ಮರ ಹಾಳು ಮಾಡುವುದು ಇಲ್ಲೇ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಲಗೆಯನ್ನು ಎರಡು ದಿಮ್ಮಿಗಳ ಮೇಲೆ ಇಡಿ, ಮೊಳೆಯ ಚೂಪು ಮೇಲೆ ಬರುವಂತೆ. ತುದಿ ಮಡಚಿದ್ದರೆ ಮೊದಲು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡಿ. ಈಗ ಸುತ್ತಿಗೆಯಿಂದ ಚೂಪಿನ ಮೇಲೆ ನೇರವಾಗಿ ಹೊಡೆಯಿರಿ. ಜೋರಾಗಿ ಒಂದೇ ಏಟು ಬೇಡ, ಸಣ್ಣ ಸಣ್ಣ ಏಟು. ಕೆಳಗಡೆ ಮೊಳೆಯ ತಲೆ ಅರ್ಧ ಇಂಚು ಹೊರಗೆ ಬರುತ್ತದೆ. ಹಲಗೆ ಮಗುಚಿ. ಸುತ್ತಿಗೆಯ ಸೀಳುಬಾಯಿ ತಲೆಯ ಕೆಳಗೆ ಕೂರಿಸಿ, ಸುತ್ತಿಗೆಯ ಅಡಿಗೆ ಒಂದು ಮರದ ಚೂರು ಇಡಿ. ಈ ಚೂರನ್ನು ಮರೆಯಬೇಡಿ. ಅದಿಲ್ಲದಿದ್ದರೆ ಹಲಗೆಯ ಮೈಮೇಲೆ ಅರ್ಧಚಂದ್ರದ ಹಳ್ಳ ಬೀಳುತ್ತದೆ, ಅದನ್ನು ಉಜ್ಜಿ ತೆಗೆಯಲು ಮರದ ದಪ್ಪವನ್ನೇ ಕಳೆಯಬೇಕಾಗುತ್ತದೆ. ಮೆಲ್ಲಗೆ ಎಳೆಯಿರಿ.

ತುಕ್ಕು ಹಿಡಿದ ಮೊಳೆ ಹಟ ಮಾಡಿದರೆ ಮೊದಲು ತಲೆಯ ಮೇಲೆ ಒಂದು ಏಟು ಹಾಕಿ ಒಳಕ್ಕೇ ತಳ್ಳಿ. ಟಕ್ ಎಂದು ಸಣ್ಣ ಸದ್ದು ಕೇಳುತ್ತದೆ. ತುಕ್ಕು ಮರದಿಂದ ಬಿಟ್ಟ ಸದ್ದು ಅದು. ಆಮೇಲೆ ಎಳೆದರೆ ಬರುತ್ತದೆ. ತಲೆ ಮುರಿದು ಹೋದರೆ ಇಕ್ಕಳದಲ್ಲಿ ಕಚ್ಚಿ ಪಕ್ಕಕ್ಕೆ ಉರುಳಿಸಿ, ನೆಟ್ಟಗೆ ಎಳೆಯಬೇಡಿ. ಸ್ಕ್ರೂಗಳಿಗೂ ಇದೇ ಬುದ್ಧಿ: ತಲೆಯ ಸೀಳಿನಲ್ಲಿ ತುಂಬಿದ ಬಣ್ಣವನ್ನು ಕೆದಕಿ, ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ.

ಎಲ್ಲ ಕಿತ್ತಾಯಿತು ಎಂದುಕೊಂಡ ಮೇಲೆ ಅಯಸ್ಕಾಂತ ಆಡಿಸಿ, ಆಗುವುದಾದರೆ ಕೈಯಲ್ಲಿ ಹಿಡಿಯುವ ಲೋಹ ಪತ್ತೆ ಯಂತ್ರವನ್ನೂ ಆಡಿಸಿ. ಕಣ್ಣಿಗೂ ಒಂದು ಸುಳಿವು ಇದೆ. ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ ಇರುವ ಮರದಲ್ಲಿ ಕಬ್ಬಿಣ ಇದ್ದ ಜಾಗದ ಸುತ್ತ ನೀಲಿಗಪ್ಪು ಕಲೆ ಹರಡಿರುತ್ತದೆ, ಶಾಯಿ ಚೆಲ್ಲಿದಂತೆ. ಕಲೆ ಇದ್ದು ಮೊಳೆ ಕಾಣದಿದ್ದರೆ ಅದು ಒಳಗೆ ಮುರಿದು ಕೂತಿದೆ ಎಂದು ತಿಳಿಯಿರಿ. ಅಲ್ಲಿ ಗರಗಸ ಹಾಕಬೇಡಿ.

ಗಟ್ಟಿ ಅಡಿಯ ಬೂಟು, ದಪ್ಪ ಕೈಗವಸು, ಕನ್ನಡಕ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮರದ ಧೂಳು ಸುಮ್ನೆ ಧೂಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಜೋಡಿಸಿ ಇಡುವುದು

ಉಳಿಸಿದ ಮರ ಜೋಡಿಸಿಡುವ ಜಾಗದಲ್ಲೇ ಹಾಳಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ನೆಲದಿಂದ ಒಂದು ಅಡಿ ಮೇಲಿರಲಿ. ಪ್ರತಿ ಸಾಲಿನ ನಡುವೆ ಸುಮಾರು 25 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಅಡ್ಡಡ್ಡ ಇಡಿ. ಪಟ್ಟಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಮೇಲೆ ಮಾತ್ರ ಮುಚ್ಚಿ. ಪಕ್ಕಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಹುಳ ಇದ್ದರೆ ಎಷ್ಟೋ ಸಲ ತಾನೇ ಹೇಳುತ್ತದೆ. ಜೋಡಣೆಯ ಕೆಳಗೆ ಕಪ್ಪು ಹಾಳೆ ಹಾಸಿಡಿ. ಬಿಳಿ ಹಿಟ್ಟಿನಂಥ ಪುಡಿ ಉದುರಿದ್ದರೆ ಮೇಲಿನ ಮರದಲ್ಲಿ ಕೊರೆಯುವ ಹುಳ ಜೀವಂತ ಇದೆ. ಅದನ್ನು ತಕ್ಷಣ ದೂರ ಒಯ್ಯಿರಿ. ಬಿಸಿ ಕೋಣೆ ಇದ್ದರೆ ಅದಕ್ಕೆ ಪರಿಹಾರ ಇದೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮರದ ನಡುವಿನ ಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕು. ಮೇಲ್ಮೈ ಬಿಸಿಯಾದರೆ ಸಾಲದು, ನಡುಭಾಗಕ್ಕೆ ಮುಟ್ಟಬೇಕು.

ಸೈಟಿನಲ್ಲಿ ಪ್ಯಾಲೆಟ್‌ಗಳು ಸಿಗುತ್ತಲೇ ಇರುತ್ತವೆ, ಅಲ್ವಾ? ಅವುಗಳ ಪಕ್ಕದಲ್ಲಿ ಸುಟ್ಟ ಮುದ್ರೆ ನೋಡಿ. ಗೋಧಿ ತೆನೆಯಂಥ ಚಿತ್ರ, ಪಕ್ಕದಲ್ಲಿ ಅಕ್ಷರಗಳು. 'ಎಚ್‌ಟಿ' ಅಂದರೆ ಬಿಸಿ ಮಾಡಿ ಹುಳ ಕೊಂದದ್ದು. 'ಎಂಬಿ' ಅಂದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದು. ಎಂಬಿ ಇರುವುದನ್ನು ನಾನು ಮನೆಯೊಳಗಿನ ಯಾವ ವಸ್ತುವಿಗೂ ಬಳಸುವುದಿಲ್ಲ. ಎಚ್‌ಟಿ ಇದ್ದರೂ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೆ ಕೆಂಪು ರಾಶಿಗೇ.

ಉಳಿಸಿದ ತೊಲೆಯನ್ನು ಮತ್ತೆ ಭಾರ ಹೊರಲು ಬಳಸುವುದಾದರೆ ಎಂಜಿನಿಯರ್ ನೋಡಿ ಒಪ್ಪಲೇಬೇಕು. ಹಳೇ ಮೊಳೆ ತೂತು, ಹಳೇ ಕೊರೆತ ಎಲ್ಲ ಅದರ ಬಲ ಕಳೆದಿರುತ್ತದೆ. ಮೇಜು, ಬೆಂಚು, ಕಪಾಟು, ನೆಲದ ಹಲಗೆಗೆ ಆ ಚಿಂತೆ ಇಲ್ಲ. ಮನೆಯೊಳಗೆ ಬಳಸುವ ಮೊದಲು ತೇವ ಅಳೆಯಿರಿ. 12 ಶೇಕಡಾಕ್ಕಿಂತ ಕಡಿಮೆ ಬಂದರೆ ಧೈರ್ಯವಾಗಿ ಕೆಲಸ ಶುರು ಮಾಡಬಹುದು. ಸೆಂಟ್ರಿಂಗ್ ಹಲಗೆಗಳ ವಿಷಯ ಚಿಕ್ಕದು: ಕಾಂಕ್ರೀಟು ಅಂಟಿಕೊಂಡು ಎಣ್ಣೆ ಕುಡಿದಿರುತ್ತವೆ, ಮತ್ತೆ ಸೆಂಟ್ರಿಂಗ್‌ಗೇ ಬಳಸಿ, ಸವೆಯುವವರೆಗೆ.

ಕಡಿದ ಜಾಗದ ಮರ

ಜಾಗ ಸಮ ಮಾಡುವಾಗ ಬೀಳುವ ಮರದ ಕತೆ ಬೇರೆ. ಇಲ್ಲಿ ಬಣ್ಣ, ಅಂಟು, ಮೊಳೆಯ ಕಾಟ ಇಲ್ಲ. ಮಣ್ಣು, ಕಲ್ಲು, ತೇವದ ಕಾಟ. ನಕ್ಷೆ ಹಿಡಿದವರ ಜೊತೆ ಮೊದಲು ಒಂದು ಸಲ ನಡೆದು, ಯಾವ ಮರ ನಿಜವಾಗಿ ಬೀಳಲೇಬೇಕು ಎಂದು ಕೇಳಿ. ಎಷ್ಟೋ ಸಲ ಒಂದೆರಡು ಮರ ಉಳಿದುಕೊಂಡಿವೆ, ಕೇಳಿದ್ದಕ್ಕೆ ಅಷ್ಟೇ. ಕಡಿಯಲು ಬೇಕಾದ ಅನುಮತಿ ಕೈಗೆ ಬರುವವರೆಗೆ ಗರಗಸ ಶುರು ಮಾಡಬೇಡಿ.

ನೆಟ್ಟಗಿನ ದಪ್ಪ ಕಾಂಡಗಳನ್ನು ಚಕ್ಕೆಗೆ ಹಾಕುವುದು ತಪ್ಪು. ಅವು ದಿಮ್ಮಿಯಾಗಿ ಕೊಯ್ಯುವ ಮಿಲ್ಲಿಗೆ ಹೋಗಬೇಕು. ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಿರಿ. ನೀರು ತುದಿಯಿಂದ ಬಲು ಬೇಗ ಹೊರಡುತ್ತದೆ, ತುದಿ ಮೊದಲು ಕುಗ್ಗುತ್ತದೆ, ಬಿರುಕು ಒಳಕ್ಕೆ ಓಡುತ್ತದೆ. ಕೊಯ್ದ ಹಲಗೆ ಗಾಳಿಯಲ್ಲಿ ಒಣಗಲು ಪ್ರತಿ ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೇ ಲೆಕ್ಕ. ಬಿಸಿಲು, ಗಾಳಿ ಚೆನ್ನಾಗಿದ್ದರೆ ಬೇಗ ಆಗುತ್ತದೆ, ಆದರೂ ತೇವ ಅಳೆದೇ ನಂಬಿ. ಸೌದೆಗಾದರೆ ಸೀಳಿ ಒಣಗಿಸಿ, ತೇವ 20 ಶೇಕಡಾಕ್ಕಿಂತ ಕೆಳಗೆ ಬರಲಿ. ಹಸಿ ಸೌದೆಯ ಬಿಸಿ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಉಳಿಯುವುದು ಹೊಗೆ.

ಕೊಂಬೆ ರೆಂಬೆಗಳು ಚಿಪ್ಪರ್‌ಗೆ. ಬೀಜ ತುಂಬಿದ ಕಳೆ ಗಿಡ, ರೋಗ ಹಿಡಿದ ಕೊಂಬೆ ಜೊತೆಗೆ ಹೋಗಬಾರದು. ಹುಳ ಬಿದ್ದ ಮರವನ್ನು ದೂರದ ಊರಿಗೆ ಸೌದೆಯಾಗಿ ಸಾಗಿಸಲೂಬೇಡಿ. ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ ಅಮೆರಿಕದಲ್ಲಿ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿತು. ಅದು ಊರಿಂದ ಊರಿಗೆ ಬೇಗ ಹಬ್ಬಲು ಜನ ಸಾಗಿಸಿದ ಸೌದೆಯೂ ಒಂದು ದೊಡ್ಡ ಕಾರಣ.

ಬೇರುಬೊಡ್ಡೆಗಳು ಕೊನೆಗೆ. ಕಿತ್ತ ಕೂಡಲೇ ಯಂತ್ರಕ್ಕೆ ಹಾಕಿದರೆ ಬೇರಿನ ನಡುವಿನ ಕಲ್ಲು ಬ್ಲೇಡನ್ನು ತಿಂದು ಹಾಕುತ್ತದೆ. ಬೇರು ಮೇಲೆ ಮಾಡಿ ಕೆಲವು ವಾರ ಬಿಡಿ. ಮಣ್ಣು ಒಣಗಿ ಸಡಿಲಾಗುತ್ತದೆ. ಎತ್ತಿ ಕೊಡವಿದರೆ ಆ ಮೇಲ್ಮಣ್ಣೂ ಜಾಗಕ್ಕೇ ಉಳಿಯುತ್ತದೆ. ಚಿಕ್ಕ ಚಿಪ್ಪರ್ ಇದಕ್ಕೆ ಸಾಲದು, ಬೊಡ್ಡೆ ಅರೆಯುವ ದೊಡ್ಡ ಯಂತ್ರವೇ ಬೇಕು. ಅದು ಸಿಗದಿದ್ದರೆ ಇಳಿಜಾರಿನಲ್ಲಿ ಅಡ್ಡಲಾಗಿ ಸಾಲಿಟ್ಟು ಮಣ್ಣು ಕೊಚ್ಚಿ ಹೋಗದಂತೆ ತಡೆಯಬಹುದು.

ಚಕ್ಕೆ ಎಲ್ಲಿಗೆ ಹೋಗಬೇಕು

ಶುದ್ಧ ಚಕ್ಕೆಗೆ ಕೇಳುವವರು ಬಹಳ. ಪಾರ್ಟಿಕಲ್ ಬೋರ್ಡ್ ಕಾರ್ಖಾನೆ, ಬಾಯ್ಲರ್, ತೋಟ, ಗೊಬ್ಬರದ ಗುಂಡಿ. ಕೊಳ್ಳುವವರಿಗೆ ಎಷ್ಟು ದಪ್ಪದ ಚಕ್ಕೆ, ಎಷ್ಟು ತೇವ ಬೇಕು ಎಂದು ಮೊದಲೇ ಕೇಳಿ, ಆಮೇಲೆ ಯಂತ್ರಕ್ಕೆ ಜಾಲರಿ ಹಾಕಿ. ಮೊದಲು ಪುಡಿ ಮಾಡಿ ಆಮೇಲೆ ಗಿರಾಕಿ ಹುಡುಕಿದರೆ ರಾಶಿ ಕೈಯಲ್ಲೇ ಉಳಿಯುತ್ತದೆ.

ಗಿಡದ ಬುಡಕ್ಕಾದರೆ 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಕಾಂಡದ ಸುತ್ತ ಒಂದು ಗೇಣು ಬಿಡಿ. ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ. ಮೇಲೆ ಹಾಸಿ, ಮಣ್ಣಿನೊಳಗೆ ಬೆರೆಸಬೇಡಿ. ಮರ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ಒಳಗೆ ಬೆರೆಸಿದರೆ ಗಿಡದ ಪಾಲನ್ನೇ ಅವು ಎಳೆದುಕೊಳ್ಳುತ್ತವೆ. ಗೊಬ್ಬರ ಮಾಡುವಾಗಲೂ ಇದೇ ಲೆಕ್ಕ. ಗುಂಡಿಯಲ್ಲಿ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಇದ್ದರೆ ಚೆನ್ನಾಗಿ ಕಳಿಯುತ್ತದೆ. ಮರದ ಹೊಟ್ಟಿನಲ್ಲಿ ಇಂಗಾಲ ನೂರಾರು ಪಟ್ಟು ಇರುತ್ತದೆ. ಅದಕ್ಕೆ ಹಸಿ ಸೊಪ್ಪು, ಹುಲ್ಲು, ಸಗಣಿ ಧಾರಾಳವಾಗಿ ಸೇರಿಸಬೇಕು.

ಒಂದು ಎಚ್ಚರಿಕೆ. ಹಸಿ ಚಕ್ಕೆಯನ್ನು ದೊಡ್ಡ ಗುಡ್ಡೆ ಮಾಡಿ ಮರೆತುಬಿಡಬೇಡಿ. ಒಮ್ಮೆ ಎರಡಾಳು ಎತ್ತರದ ಗುಡ್ಡೆಯ ನೆತ್ತಿಯಲ್ಲಿ ಬೆಳಗಿನ ಜಾವ ಹಬೆ ಏಳುತ್ತಿತ್ತು. ಮಂಜು ಎಂದುಕೊಂಡೆ. ಸಲಿಕೆ ಹಾಕಿ ತೆಗೆದಾಗ ಮೊಣಕೈ ಆಳದಲ್ಲೇ ಚಕ್ಕೆ ಕಂದಾಗಿತ್ತು, ಕೈ ಇಡಲಾಗದಷ್ಟು ಬಿಸಿ, ಹುಳಿ ವಾಸನೆ. ಸೂಕ್ಷ್ಮಜೀವಿಗಳ ಬಿಸಿ ಹೊರಹೋಗಲು ದಾರಿ ಇಲ್ಲದೆ ಒಳಗೇ ಏರುತ್ತದೆ, ಕೊನೆಗೆ ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಲೂಬಹುದು. ಈಗ ಗುಡ್ಡೆಗಳನ್ನು ಮೂರು ಮೀಟರ್ ಒಳಗೆ, ಉದ್ದಕ್ಕೆ ಬದುವಿನಂತೆ ಹಾಕಿಸುತ್ತೇನೆ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ದಿನಾ ನೋಡುತ್ತೇವೆ. ಬಿಸಿ ಏರುತ್ತಲೇ ಹೋದರೆ ನೀರಿನ ಪೈಪು ಪಕ್ಕದಲ್ಲಿಟ್ಟುಕೊಂಡು ಗುಡ್ಡೆ ಬಿಚ್ಚಿ ಹರಡುತ್ತೇವೆ.

ಕೆಂಪು ರಾಶಿಯನ್ನು ಟಾರ್ಪಾಲಿನಲ್ಲಿ ಮುಚ್ಚಿ, ಮಳೆ ನೀರು ಅದರಿಂದ ಹರಿಯದಂತೆ ಇಡಿ. ಅದನ್ನು ತೆಗೆದುಕೊಳ್ಳಲು ಪರವಾನಗಿ ಇರುವ ಕಡೆಗೇ ಕಳಿಸಿ, ಲಾರಿ ಹೊರಡುವಾಗ ತೂಕದ ಚೀಟಿ ಇಟ್ಟುಕೊಳ್ಳಿ. ಆ ಲಾರಿಗೆ ಬೇರೆ ಮರ ಹೇರಬೇಡಿ, ಜಾಗ ಖಾಲಿ ಇದ್ದರೂ.

ಎಲ್ಲ ಹೋದ ಮೇಲೆ ನಮ್ಮ ಸೈಟಿನಲ್ಲಿ ಒಂದು ಕೆಲಸ ಉಳಿದಿರುತ್ತದೆ. ಹಗ್ಗ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ನೆಲದ ಮೇಲೆ ಸಾಲು ಸಾಲಾಗಿ ಎಳೆಯುತ್ತೇವೆ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅಂಟಿದ ಮೊಳೆಗಳನ್ನು ಬಕೆಟ್ಟಿಗೆ ಉದುರಿಸುತ್ತೇವೆ. ಕೊನೆಯ ಸುತ್ತಿನಲ್ಲಿ ಅಯಸ್ಕಾಂತ ಖಾಲಿ ಬಂದರೆ ಬಕೆಟ್ ಗುಜರಿಗೆ ಹೋಗುತ್ತದೆ, ಗೇಟಿನ ಬೀಗದ ಕೈ ಮಾಲೀಕರಿಗೆ ಹೋಗುತ್ತದೆ.